ಹಸುವಿಗೂ ಬಿಡುವುಂಟು, ಮನೆಯೊಡತಿಗೆ?

ಕರು ಹಾಕುವುದಕ್ಕೆ ಎರಡು ತಿಂಗಳು ಮೊದಲೇ ಹಸುವಿನ ಹಾಲು ಬತ್ತಿಸಬೇಕು ಎಂಬುದು ನಮ್ಮ ಸಂಘಗಳ ಪ್ರತಿ ಸದಸ್ಯೆಗೂ ಗೊತ್ತು. ಆ 60 ದಿನ ಅದು ಒಂದು ತೊಟ್ಟು ಹಾಲು ಕೊಡದಿದ್ದರೂ ಪಶು ಆಹಾರ ಹಾಕುತ್ತೇವೆ, ಖನಿಜ ಮಿಶ್ರಣ ಕೊಡುತ್ತೇವೆ. ಕೆಚ್ಚಲು ಸುಧಾರಿಸಿಕೊಳ್ಳಲಿ, ಹೊಟ್ಟೆಯೊಳಗಿನ ಕರು ಬೆಳೆಯಲಿ ಎಂದು ಕಾಯುತ್ತೇವೆ. ಬಿಡುವು ಕೊಡದೆ ಕರೆದರೆ ಮುಂದಿನ ಸೂಲಿನಲ್ಲಿ ಹಾಲು ಇಳಿಯುತ್ತದೆ ಎಂಬ ಲೆಕ್ಕ ನಮಗೆ ಚೆನ್ನಾಗಿ ಗೊತ್ತಿದೆ. ಕರೆಯುವ ಹಸುವಾದರೂ ದಿನಕ್ಕೆ 10ರಿಂದ 12 ಗಂಟೆ ಮಲಗಿ ಮೆಲುಕು ಹಾಕಬೇಕು. ಅದು ಮಲಗಿದಾಗ ಕೆಚ್ಚಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಹಾಲು ಕೂಡುತ್ತದೆ. ಎತ್ತಿನ ವಿಷಯದಲ್ಲೂ ಹಾಗೆಯೇ. ನಮ್ಮ ನಾಡಿನ ಹಲವು ಊರುಗಳಲ್ಲಿ ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡುವುದಿಲ್ಲ. ಎಷ್ಟೇ ಹದ ಬಂದಿರಲಿ, ಬಿತ್ತನೆ ಎಷ್ಟೇ ತಡವಾಗಿರಲಿ, ವಾರಕ್ಕೊಂದು ದಿನ ಅವಕ್ಕೆ ಬಿಡುವು.

ದನಕರುಗಳ ದಣಿವನ್ನು ಇಷ್ಟು ಚೆನ್ನಾಗಿ ಬಲ್ಲ ಮನೆಗಳಲ್ಲೇ ಒಂದು ಜೀವಕ್ಕೆ ಮಾತ್ರ ಸೋಮವಾರವೂ ಇಲ್ಲ, ಬತ್ತಿಸುವ ಕಾಲವೂ ಇಲ್ಲ. ಕೊಟ್ಟಿಗೆಯ ಕೆಲಸ, ಒಲೆಯ ಕೆಲಸ ಎರಡನ್ನೂ ಹೊತ್ತು, ಅದರ ಮೇಲೆ ಹಾಸಿಗೆ ಹಿಡಿದ ಅತ್ತೆಯನ್ನೋ ಮಾವನನ್ನೋ, ಅಂಗವಿಕಲ ಮಗುವನ್ನೋ, ಪಾರ್ಶ್ವವಾಯು ಬಡಿದ ಗಂಡನನ್ನೋ ನೋಡಿಕೊಳ್ಳುತ್ತಿರುವ ಹೆಣ್ಣುಮಗಳದು ಆ ಜೀವ. ಈ ಬಾರಿ ಅವಳ ದುಡಿಮೆಯ ಗಂಟೆಗಳ ಬಗ್ಗೆ, ಅವಳಿಗೆ ಸಿಗಬೇಕಾದ ಬಿಡುವಿನ ಬಗ್ಗೆ ಮಾತಾಡೋಣ.

ದಿನದ ಲೆಕ್ಕ

ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಎರಡು ಕರೆಯುವ ಹಸು, ಒಂದು ಕಡಸು. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಸೊಂಟ ಮುರಿದು ಹಾಸಿಗೆ ಹಿಡಿದ ಅತ್ತೆ. ಹೊಲದಲ್ಲಿ ಅಥವಾ ಪೇಟೆಯಲ್ಲಿ ದುಡಿಯುವ ಗಂಡ. ನಮ್ಮ ಊರುಗಳಲ್ಲಿ ಇಂಥ ಮನೆ ಹುಡುಕಿಕೊಂಡು ಹೋಗಬೇಕಿಲ್ಲ.

ಆ ಮನೆಯ ಸೊಸೆ ನಾಲ್ಕೂವರೆಗೆ ಏಳುತ್ತಾಳೆ, ರಾತ್ರಿ ಹತ್ತಕ್ಕೆ ಮಲಗುತ್ತಾಳೆ. ಎಚ್ಚರವಿರುವುದು ಹದಿನೇಳೂವರೆ ಗಂಟೆ. ಸಗಣಿ ಬಾಚಿ, ಕೊಟ್ಟಿಗೆ ತೊಳೆದು, ಹಿಂಡಿ ಕಲಸಿ, ಹಾಲು ಕರೆಯುವುದಕ್ಕೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದೂವರೆ ಗಂಟೆ. ಡೇರಿಗೆ ಹೋಗಿ, ಸಾಲಿನಲ್ಲಿ ನಿಂತು, ಹಾಲು ಹಾಕಿ ಬರುವುದಕ್ಕೆ ಎರಡು ಹೊತ್ತಿಗೂ ಸೇರಿ ಒಂದು ಗಂಟೆ. ಹಸಿರು ಹುಲ್ಲು ಕೊಯ್ದು ಹೊತ್ತು ತರುವುದಕ್ಕೆ ಎರಡು ಗಂಟೆ. ಕೊಟ್ಟಿಗೆಯ ಲೆಕ್ಕವೇ ಆರೂವರೆ ಗಂಟೆ ಆಯಿತು. ಅಡುಗೆ, ಪಾತ್ರೆ, ಬಟ್ಟೆ, ನೀರು, ಕಸ ಗುಡಿಸುವುದು, ಮಕ್ಕಳನ್ನು ಶಾಲೆಗೆ ಹೊರಡಿಸುವುದು ಇವಕ್ಕೆಲ್ಲ ಐದು ಗಂಟೆ. ಅತ್ತೆಯ ಮೈ ಒರೆಸಿ, ಬಟ್ಟೆ ಬದಲಿಸಿ, ಮೂರು ಹೊತ್ತು ಉಣ್ಣಿಸಿ, ಮಾತ್ರೆ ಕೊಟ್ಟು, ಮಗ್ಗುಲು ಬದಲಿಸುವುದಕ್ಕೆ ಮೂರು ಗಂಟೆ. ಕೂಡಿದರೆ ಹದಿನಾಲ್ಕೂವರೆ ಗಂಟೆ.

ಉಳಿದ ಮೂರು ಗಂಟೆಯಲ್ಲಿ ಅವಳ ಸ್ನಾನ, ಊಟ, ಮಕ್ಕಳ ಪಾಠ, ಬಂದವರಿಗೆ ಕಾಫಿ, ಸಂಘದ ಸಭೆ. ರಾತ್ರಿ ನಿದ್ದೆ ಆರೂವರೆ ಗಂಟೆ ಎಂದು ಕಂಡರೂ ನಡುವೆ ಎರಡು ಸಲ ಎದ್ದು ಅತ್ತೆಯನ್ನು ನೋಡಬೇಕು. ಇದರಲ್ಲಿ ಭಾನುವಾರ ಇಲ್ಲ, ಹಬ್ಬ ಇಲ್ಲ. ಹಬ್ಬದ ದಿನವಂತೂ ಕೆಲಸ ಒಂದು ಕೈ ಹೆಚ್ಚೇ.

ಇದು ಉದಾಹರಣೆಯ ಲೆಕ್ಕ. ನಿಮ್ಮ ಮನೆಯ ಲೆಕ್ಕ ಇದಕ್ಕಿಂತ ಕಡಿಮೆ ಇರಬಹುದು, ಹೆಚ್ಚೂ ಇರಬಹುದು. ಡೇರಿಗೆ ಹಾಕಿದ ಹಾಲಿನ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಎಲ್ಲವನ್ನೂ ಪುಸ್ತಕದಲ್ಲಿ ಬರೆಸಿಕೊಂಡು ಬರುವ ನಾವು ಒಂದು ವಾರ ನಮ್ಮ ಗಂಟೆಗಳನ್ನೂ ಬರೆದಿಟ್ಟು ನೋಡಿದರೆ ನಮ್ಮ ಮನೆಯ ಸತ್ಯ ತಿಳಿಯುತ್ತದೆ.

ಸರ್ಕಾರದ ಸಮೀಕ್ಷೆ ಕಂಡದ್ದು

ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ದೇಶದಾದ್ಯಂತ ಸಮೀಕ್ಷೆ ನಡೆಸಿತು. ಇದಕ್ಕೆ ಸಮಯ ಬಳಕೆ ಸಮೀಕ್ಷೆ ಎಂದು ಹೆಸರು. ಈ ಸಮೀಕ್ಷೆಯಲ್ಲಿ ದಿನ ಶುರುವಾಗುವುದು ಬೆಳಗಿನ ಜಾವ ನಾಲ್ಕಕ್ಕೆ, ಮುಗಿಯುವುದು ಮರುದಿನ ನಾಲ್ಕಕ್ಕೆ. ಹಾಲು ಕರೆಯುವವರ ದಿನವೂ ಅಲ್ಲಿಂದಲೇ ಅಲ್ಲವೇ ಶುರುವಾಗುವುದು!

2019ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. 2024ರಲ್ಲಿ ಅದು 289 ನಿಮಿಷ, ಅಂದರೆ ಐದು ಗಂಟೆಗೆ ಹನ್ನೊಂದು ನಿಮಿಷ ಕಡಿಮೆ. ಗ್ಯಾಸ್ ಒಲೆ, ಮಿಕ್ಸಿ, ನಲ್ಲಿ ಎಲ್ಲ ಬಂದರೂ ಐದು ವರ್ಷದಲ್ಲಿ ಇಳಿದದ್ದು ಹತ್ತೇ ನಿಮಿಷ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ 2024ರಲ್ಲಿ 88 ನಿಮಿಷ. ಕೈಯನ್ನೇ ಹಾಕದ ಗಂಡಸರು ಈ ಸರಾಸರಿಯಲ್ಲಿ ಸೇರಿಲ್ಲ ಎಂಬುದನ್ನೂ ನೆನಪಿಡಿ.

ಮನೆಯವರ ಆರೈಕೆಯನ್ನು ಸಮೀಕ್ಷೆ ಬೇರೆಯಾಗಿಯೇ ಲೆಕ್ಕ ಹಾಕಿದೆ. ಮಕ್ಕಳು, ಮುದುಕರು, ಕಾಯಿಲೆಯವರನ್ನು ನೋಡಿಕೊಳ್ಳುವ 15ರಿಂದ 59 ವಯಸ್ಸಿನ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ ಇದಕ್ಕೆ ಕೊಡುತ್ತಾರೆ; ಗಂಡಸರು 74 ನಿಮಿಷ. 140 ನಿಮಿಷ ಎಂದರೆ ಎರಡು ಗಂಟೆ ಇಪ್ಪತ್ತು ನಿಮಿಷ, ಏನು ಮಹಾ ಎನ್ನಿಸಬಹುದು. ದಿನ ತಪ್ಪದೆ ವರ್ಷವಿಡೀ ಮಾಡಿದರೆ ಅದು 850 ಗಂಟೆ ದಾಟುತ್ತದೆ. ದಿನಕ್ಕೆ ಎಂಟು ಗಂಟೆಯ ಕೂಲಿ ಎಂದು ಹಿಡಿದರೆ 106 ಆಳು. ವರ್ಷಕ್ಕೆ 106 ಆಳಿನ ಕೆಲಸ ಮನೆಯೊಳಗೆ ಸದ್ದಿಲ್ಲದೆ ನಡೆದುಹೋಗುತ್ತದೆ, ಯಾವ ಬಟವಾಡೆ ಪಟ್ಟಿಯಲ್ಲೂ ಅದರ ಸುಳಿವಿಲ್ಲ.

ಎಂಟು ಗಂಟೆ ಯಾರಿಗೆ ಸಿಕ್ಕಿತು?

ದುಡಿಮೆಗೆ ಒಂದು ಮಿತಿ ಇರಬೇಕು ಎಂಬ ಮಾತು ಹೊಸದಲ್ಲ. 1919ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ ಮೊಟ್ಟಮೊದಲ ಒಪ್ಪಂದವೇ ಕೆಲಸದ ಗಂಟೆಗಳ ಬಗ್ಗೆ: ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ದಾಟಬಾರದು, ವಾರಕ್ಕೊಂದು ರಜೆ ಇರಲೇಬೇಕು, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಎಂದು ಗೊತ್ತುಮಾಡಿತು. ನಾವು ಹಾಕಿದ ಹಾಲನ್ನು ಪ್ಯಾಕೆಟ್ಟಿಗೆ ತುಂಬುವ ಡೇರಿ ಘಟಕದ ನೌಕರನಿಗೆ ಪಾಳಿ ಇದೆ, ಪಾಳಿ ಮುಗಿದರೆ ಮನೆ ಇದೆ, ವಾರದ ರಜೆ ಇದೆ. ಅದು ನ್ಯಾಯವೇ. ಅದೇ ಹಾಲನ್ನು ಕರೆದುಕೊಟ್ಟ ಕೈಗಳಿಗೆ ಮಾತ್ರ ಪಾಳಿ ಮುಗಿಯುವುದೇ ಇಲ್ಲ.

ಬೇರೆಯವರ ಮನೆಯಲ್ಲಿ ಸಂಬಳಕ್ಕೆ ದುಡಿಯುವವರಿಗಾಗಿ 2011ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇನ್ನೊಂದು ಒಪ್ಪಂದ ಮಾಡಿತು. ಮನೆಗೆಲಸದವರಿಗೂ ವಾರಕ್ಕೊಮ್ಮೆ ಸತತವಾಗಿ 24 ಗಂಟೆ ಬಿಡುವು ಸಿಗಬೇಕು ಎಂದು ಅದು ಹೇಳುತ್ತದೆ. ಭಾರತ ಇದಕ್ಕೆ ಇನ್ನೂ ಅಂಗೀಕಾರದ ಮುದ್ರೆ ಒತ್ತಿಲ್ಲ. ತನ್ನ ಮನೆಯಲ್ಲೇ ತನ್ನವರನ್ನು ನೋಡಿಕೊಳ್ಳುವ ಹೆಂಗಸು ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. ಮಾಲೀಕನಿಲ್ಲದ ಕೆಲಸಕ್ಕೆ ಕಾಯ್ದೆ ಯಾರನ್ನು ಕೇಳಬೇಕು? ಹಾಗಾಗಿ ಈ ಮಿತಿಯನ್ನು ಮನೆಯವರೇ ಕೂತು ಗೊತ್ತುಮಾಡಿಕೊಳ್ಳಬೇಕಾಗಿದೆ.

ನ್ಯಾಯಾಲಯ ಹೇಳಿದ್ದು

"ಅವಳೇನು ಮಾಡ್ತಾಳೆ, ಮನೇಲೇ ಇರ್ತಾಳೆ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ದೇಶದ ಸರ್ವೋಚ್ಚ ನ್ಯಾಯಾಲಯ ಈ ಮಾತನ್ನು ಒಪ್ಪುವುದಿಲ್ಲ. ಜಮ್‌ಶೆಡ್‌ಪುರದ ಬೆಂಕಿ ಅನಾಹುತದಲ್ಲಿ ತೀರಿಕೊಂಡವರ ಪರಿಹಾರದ ಮೊಕದ್ದಮೆಯಲ್ಲಿ, 2001ರಷ್ಟು ಹಿಂದೆಯೇ, ಸಂಬಳವಿಲ್ಲದ ಗೃಹಿಣಿಯರ ದುಡಿಮೆಗೂ ಬೆಲೆ ಕಟ್ಟಿ, ತಿಂಗಳಿಗೆ 3,000 ರೂಪಾಯಿಯಂತೆ ಲೆಕ್ಕ ಹಿಡಿಯಿತು. 2021ರ ಜನವರಿಯಲ್ಲಿ, ದೆಹಲಿಯ ರಸ್ತೆ ಅಪಘಾತದಲ್ಲಿ ಮಡಿದ ದಂಪತಿಯ ಪ್ರಕರಣದಲ್ಲಿ, ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಯ ಕೆಲಸಗಳ ಪಟ್ಟಿಯನ್ನೇ ಬರೆದರು. ಅಡುಗೆ, ಸಾಮಾನು ತರುವುದು, ಮಕ್ಕಳು ಮತ್ತು ಹಿರಿಯರ ಆರೈಕೆಯ ಜೊತೆಗೆ, ಹಳ್ಳಿಯ ಹೆಂಗಸರು ಬಿತ್ತನೆ, ನಾಟಿ, ಕೊಯ್ಲಿಗೂ ಕೈಗೂಡಿಸುತ್ತಾರೆ, ದನಕರುಗಳನ್ನೂ ನೋಡಿಕೊಳ್ಳುತ್ತಾರೆ ಎಂದು ಆ ತೀರ್ಪಿನಲ್ಲಿ ಸೇರಿಸಿದರು. ಅವರು ಆಧಾರ ಮಾಡಿಕೊಂಡದ್ದು 2019ರ ಸಮಯ ಬಳಕೆ ಸಮೀಕ್ಷೆಯನ್ನು.

ಬೇಸರದ ವಿಷಯವೆಂದರೆ ಈ ಬೆಲೆ ಕಟ್ಟಿದ್ದು ಆ ಹೆಣ್ಣುಮಕ್ಕಳು ತೀರಿಕೊಂಡ ಮೇಲೆ. ಬದುಕಿರುವಾಗಲೇ ಮನೆಯವರು ಅದನ್ನು ಕಾಣಬೇಕು.

ಕಾನೂನಿನ ಇನ್ನೊಂದು ಮಾತನ್ನೂ ಹೇಳಬೇಕು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ ಹೆತ್ತವರನ್ನು ನೋಡಿಕೊಳ್ಳುವ ಹೊಣೆಯನ್ನು ಮಕ್ಕಳ ಮೇಲೆ ಹೊರಿಸುತ್ತದೆ. "ಮಕ್ಕಳು" ಎಂದರೆ ಯಾರೆಂದು ಅದು ಬಿಡಿಸಿ ಹೇಳಿದಾಗ ಮಗ, ಮಗಳು, ಮೊಮ್ಮಗ, ಮೊಮ್ಮಗಳ ಹೆಸರು ಬಂತು. ಸೊಸೆಯ ಹೆಸರು ಆ ಸಾಲಿನಲ್ಲಿ ಬರಲಿಲ್ಲ. ಅತ್ತೆಮಾವಂದಿರನ್ನು ನೋಡಿಕೊಳ್ಳುವುದು ಸೊಸೆಯ ಕೆಲಸವಲ್ಲ ಎಂದು ವಾದ ಹೂಡುವುದಕ್ಕೆ ಇದನ್ನು ಹೇಳುತ್ತಿಲ್ಲ. ಮನುಷ್ಯತ್ವ ಇರುವ ಯಾರೂ ಕಣ್ಣೆದುರು ನರಳುವ ಜೀವವನ್ನು ಬಿಟ್ಟುಹೋಗುವುದಿಲ್ಲ. ಆದರೆ ತಾಯಿಯ ಆರೈಕೆಯಲ್ಲಿ ಮಗನಿಗೂ ಪಾಲಿದೆ, ಕೊಟ್ಟ ಮನೆಯಲ್ಲಿರುವ ಮಗಳಿಗೂ ಪಾಲಿದೆ. ಹಬ್ಬಕ್ಕೆ ಬಂದು ಹೋಗುವ ಮೈದುನನಿಗೂ ಪಾಲಿದೆ. ಆಸ್ತಿಯ ಪಾಲಿನಷ್ಟೇ ಸ್ಪಷ್ಟವಾಗಿ ಈ ಪಾಲನ್ನೂ ಮನೆಯಲ್ಲಿ ಮಾತಾಡಿಕೊಳ್ಳಬಹುದು.

ದಣಿವು ಹಾಲಿಗೂ ಇಳಿಯುತ್ತದೆ

ಬಿಡುವು ಎಂದರೆ ಸೋಮಾರಿತನ ಎಂದು ತಿಳಿಯುವವರಿಗೆ ಡೇರಿಯ ಭಾಷೆಯಲ್ಲೇ ಹೇಳಬಹುದು. ಹಸು ಬೆದೆಗೆ ಬಂದದ್ದನ್ನು ಕಂಡುಹಿಡಿಯಲು ಬೆಳಿಗ್ಗೆ, ಸಂಜೆ ಸಾವಧಾನವಾಗಿ ನಿಂತು ನೋಡಬೇಕು. ಕೆಲವು ಹಸುಗಳು ಕೂಗುವುದೂ ಇಲ್ಲ, ಲೋಳೆಯ ಗುರುತಷ್ಟೇ ಸಿಗುತ್ತದೆ. ರಾತ್ರಿ ನಿದ್ದೆಗೆಟ್ಟು, ಅರೆಗಣ್ಣಿನಲ್ಲಿ ಹಾಲು ಕರೆದು ಓಡುವವಳಿಗೆ ಆ ಗುರುತು ಕಾಣುವುದಾದರೂ ಹೇಗೆ? ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆ 21 ದಿನದ ಮೇವು, ಹಿಂಡಿ ಎಲ್ಲ ಕೈಯಿಂದ ಹೋಯಿತು.

ಕೆಚ್ಚಲು ಬಾವಿನದೂ ಇದೇ ಕಥೆ. ಮೊಲೆ ತೊಳೆದು ಒರೆಸುವುದು, ಮೊದಲ ಧಾರೆಯನ್ನು ಬೇರೆ ಪಾತ್ರೆಗೆ ಕರೆದು ಗರಣೆ ಇದೆಯೇ ನೋಡುವುದು, ಕರೆದಾದ ಮೇಲೆ ಮೊಲೆಗಳನ್ನು ಔಷಧಿ ದ್ರಾವಣದಲ್ಲಿ ಅದ್ದುವುದು, ಇವೆಲ್ಲ ಐದು ನಿಮಿಷದ ಕೆಲಸ. ಒಳಗಿನಿಂದ ಅತ್ತೆ ಕೂಗುತ್ತಿದ್ದರೆ, ಒಲೆಯ ಮೇಲೆ ಅನ್ನ ಉಕ್ಕುತ್ತಿದ್ದರೆ, ಮೊದಲು ಬಿಟ್ಟುಹೋಗುವುದು ಆ ಐದು ನಿಮಿಷವೇ. ಮೇವು ಕತ್ತರಿಸುವ ಯಂತ್ರದ ಮುಂದೆ ತೂಕಡಿಸಿದರೆ ಹೋಗುವುದು ಹಾಲಲ್ಲ, ಕೈಬೆರಳು.

ಹೆಂಗಸಿನ ಮೈಮೇಲಾಗುವ ಪೆಟ್ಟು ಇನ್ನೂ ದೊಡ್ಡದು. ಸೊಂಟ ನೋವು, ಮಂಡಿ ನೋವು, ಕರೆದು ಕರೆದು ಮರಗಟ್ಟಿದ ಬೆರಳು, ರಕ್ತಹೀನತೆ, ಸಿಡುಕು, ಸುಮ್ಮಸುಮ್ಮನೆ ಬರುವ ಅಳು. ತನಗೆ ಜ್ವರ ಬಂದರೂ ಮಾತ್ರೆ ನುಂಗಿ ಎದ್ದು ನಿಲ್ಲುವವಳು ಒಂದು ದಿನ ಏಳಲಾರದೆ ಮಲಗಿದರೆ, ಆ ಮನೆಯಲ್ಲಿ ಹಾಸಿಗೆ ಹಿಡಿದವರು ಒಬ್ಬರ ಜಾಗದಲ್ಲಿ ಇಬ್ಬರಾಗುತ್ತಾರೆ.

ಕೊಟ್ಟಿಗೆಯಲ್ಲಿ ಉಳಿಸಬಹುದಾದ ಗಂಟೆಗಳು

ಕೆಲಸವನ್ನು ಹಂಚುವ ಮೊದಲು ಕೆಲಸವನ್ನೇ ಕಡಿಮೆ ಮಾಡಲು ಸಾಧ್ಯವೇ ನೋಡಬೇಕು.

ನೀರು: ಕರೆಯುವ ಹಸು ದಿನಕ್ಕೆ 50 ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಎರಡು ಹಸುವಿಗೆ ಹತ್ತು ಲೀಟರಿನ ಬಿಂದಿಗೆಯಲ್ಲಿ ದಿನಕ್ಕೆ ಹತ್ತು ಸಲ ಹೊರಬೇಕು. ಕೊಟ್ಟಿಗೆಯಲ್ಲೇ ನೀರಿನ ತೊಟ್ಟಿ ಕಟ್ಟಿಸಿ, ಪೈಪು ಎಳೆದು, ಹಗಲು ರಾತ್ರಿ ನೀರು ನಿಲ್ಲುವಂತೆ ಮಾಡಿದರೆ ಬೆನ್ನಿನ ಭಾರ ಇಳಿಯುತ್ತದೆ. ಹಸು ಬೇಕಾದಾಗ ಕುಡಿಯುವುದರಿಂದ ಹಾಲಿಗೂ ಒಳ್ಳೆಯದು.

ಮೇವು: ದಿನವೂ ಹುಲ್ಲಿಗೆ ಅಲೆಯುವುದರ ಬದಲು ಮನೆಯ ಹಿತ್ತಲಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ನೇಪಿಯರ್ ಹುಲ್ಲು ಹಾಕಿಕೊಳ್ಳಿ, ಕೊಟ್ಟಿಗೆ ತೊಳೆದ ನೀರೇ ಅದಕ್ಕೆ ಸಾಕಷ್ಟಾಗುತ್ತದೆ. ಮುಸುಕಿನ ಜೋಳದ ಕಾಳು ಹಾಲು ತುಂಬಿ ಗಟ್ಟಿಯಾಗುತ್ತಿರುವಾಗ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ತುಳಿದು ಚೀಲಕ್ಕೋ ಗುಂಡಿಗೋ ತುಂಬಿದರೆ ಸುಮಾರು 45 ದಿನಕ್ಕೆ ರಸಮೇವು ಸಿದ್ಧ. ಮನೆಯವರೆಲ್ಲ ಸೇರಿ ಎರಡು ದಿನ ಬೆವರು ಸುರಿಸಿದರೆ ಎಷ್ಟೋ ದಿನಗಳ ಹುಲ್ಲಿನ ಹೊರೆ ತಪ್ಪುತ್ತದೆ.

ಯಂತ್ರ: ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ರಬ್ಬರ್ ಮ್ಯಾಟುಗಳಿಗೆ ನಿಮ್ಮ ಒಕ್ಕೂಟದಲ್ಲಿ ಈ ವರ್ಷ ಯಾವ ಸಹಾಯಧನ ಇದೆ ಎಂದು ಸಂಘದ ಕಾರ್ಯದರ್ಶಿಯನ್ನೋ ವಿಸ್ತರಣಾಧಿಕಾರಿಯನ್ನೋ ಕೇಳಿ. ಇಷ್ಟೊಂದು ದುಡ್ಡು ಹಾಕಿ ಯಂತ್ರ ತರಬೇಕೇ ಎಂದು ಮನೆಯವರು ಕೇಳಿದರೆ ನೀವು ಬರೆದಿಟ್ಟ ಗಂಟೆಗಳ ಲೆಕ್ಕವನ್ನು ಮುಂದಿಡಿ.

ಕೈಗಳು: ಹಾಲು ಕರೆಯುವುದು ಹೆಂಗಸರ ಕೆಲಸ ಎಂದು ಯಾವ ಹಸುವೂ ಹೇಳಿಲ್ಲ. ಒಂದೇ ಕೈಗೆ ಹೊಂದಿಕೊಂಡ ಹಸು ಬೇರೆಯವರಿಗೆ ಹಾಲು ಸೊರೆಯದು ಎಂಬುದು ನಿಜ. ಅದಕ್ಕೇ ಕರು ಹಾಕಿದ ದಿನದಿಂದಲೇ ಇಬ್ಬರ ಕೈ ಅಭ್ಯಾಸ ಮಾಡಿಸಿ. ಸಂಜೆಯ ಕರಾವು ಗಂಡನದೋ ಮಗನದೋ ಆಗಲಿ.

ರೋಗಿಯ ಮಗ್ಗುಲಲ್ಲಿ

ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಗಾಳಿ ಹಾಸಿಗೆ ತಂದರೂ ಮಗ್ಗುಲು ಬದಲಿಸುವುದನ್ನು ನಿಲ್ಲಿಸಬಾರದು. ಇದನ್ನು ಒಬ್ಬಳೇ ಎತ್ತಿ ಮಾಡಿದರೆ ಅವಳ ಸೊಂಟವೇ ಹೋಗುತ್ತದೆ. ರೋಗಿಯ ಕೆಳಗೆ, ಭುಜದಿಂದ ತೊಡೆಯವರೆಗೆ, ಗಟ್ಟಿ ಬಟ್ಟೆಯೊಂದನ್ನು ಅಡ್ಡಲಾಗಿ ಹಾಸಿ, ಇಬ್ಬರು ಎರಡು ಬದಿಯಲ್ಲಿ ಅದನ್ನು ಹಿಡಿದು ಸರಿಸಿದರೆ ಎತ್ತುವ ಕಷ್ಟವಿಲ್ಲ. ಬಗ್ಗುವಾಗ ಬೆನ್ನು ಬಾಗಿಸದೆ ಮಂಡಿ ಮಡಿಸಿ. ಮಂಚ ತೀರ ತಗ್ಗಾಗಿದ್ದರೆ ಕಾಲುಗಳ ಕೆಳಗೆ ಅಲುಗಾಡದಂತೆ ದಿಮ್ಮಿ ಕೊಡಿಸಿ. ಕೂರಬಲ್ಲವರಿಗೆ ಕಮೋಡ್ ಕುರ್ಚಿ ತಂದರೆ ನಿಮ್ಮ ಕೆಲಸವೂ ಹಗುರ, ಅವರ ಮಾನವೂ ಉಳಿಯುತ್ತದೆ.

ರಾತ್ರಿಯನ್ನು ಎರಡು ಪಾಳಿ ಮಾಡಿ. ಒಂದು ಗಂಟೆಯವರೆಗೆ ಮಗ ಎದ್ದು ನೋಡಲಿ, ಆಮೇಲೆ ಸೊಸೆ. ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಆದರೂ ಮೈ ಸುಧಾರಿಸುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ "ಅಮ್ಮ ಮಲಗಿದ್ದಾಳೆ, ಎಬ್ಬಿಸಬೇಡಿ" ಎಂಬ ನಿಯಮ ಮನೆಯಲ್ಲಿ ಬರಲಿ. ಮಕ್ಕಳಿಗೆ ಹತ್ತು ವರ್ಷವಾದರೆ ಅಜ್ಜಿಗೆ ನೀರು ಕುಡಿಸುವುದು, ಪತ್ರಿಕೆ ಓದಿ ಹೇಳುವುದು ಅವರೂ ಮಾಡಬಲ್ಲರು. ಅಜ್ಜಿಗೂ ಅದು ಇಷ್ಟ.

ಸರ್ಕಾರದ ಕಡೆಯಿಂದ ಸಿಗುವುದನ್ನು ಕೇಳಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರನ್ನೂ ಆರೈಕೆದಾರರು ಎಂದು ಗುರುತಿಸಿದೆ. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆ ಭತ್ಯೆಯ ಮಾತನ್ನೂ ಆಡಿದೆ. ನಿಮ್ಮ ಮನೆಗೆ ಅದು ಅನ್ವಯಿಸುತ್ತದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಆಶಾ ಕಾರ್ಯಕರ್ತೆಗೆ ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದು ತಿಳಿಸಿಡಿ. ಕೂಸಿರುವ ಮನೆಯವರು ಪಂಚಾಯಿತಿಯ "ಕೂಸಿನ ಮನೆ" ನಿಮ್ಮೂರಲ್ಲಿದೆಯೇ ನೋಡಿ. ಹಿರಿಯರ ಯಾವುದೇ ತೊಂದರೆಗೆ 14567 ಸಹಾಯವಾಣಿ ಇದೆ. ಮನಸ್ಸು ಭಾರವಾಗಿ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಎನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಂ ನರ್ಸ್ ಆಗಿ ಹೋಗುವ ನಮ್ಮ ಮಕ್ಕಳು

ನಮ್ಮ ಊರುಗಳಿಂದ ಎಷ್ಟೋ ಹೆಣ್ಣುಮಕ್ಕಳು ಬೆಂಗಳೂರು, ಮೈಸೂರು, ಮಂಗಳೂರಿನ ಮನೆಗಳಿಗೆ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾರೆ. ಅಲ್ಲೇ ಉಳಿದುಕೊಳ್ಳುವ ಕೆಲಸದಲ್ಲಿ 24 ಗಂಟೆಯೂ ಕರೆದಾಗ ಏಳಬೇಕು. ಸೇರುವ ಮೊದಲೇ ಕೆಲವು ಮಾತು ಕೇಳಿಕೊಳ್ಳಲಿ: ಕೆಲಸ ದಿನಕ್ಕೆ ಎಷ್ಟು ಗಂಟೆ, ರಾತ್ರಿ ಎಷ್ಟು ಹೊತ್ತು ನಿದ್ದೆ, ವಾರಕ್ಕೊಂದು ದಿನ ರಜೆ ಉಂಟೇ, ಮಲಗಲು ಬೇರೆ ಜಾಗ ಇದೆಯೇ, ಸಂಬಳ ನೇರವಾಗಿ ತನ್ನ ಬ್ಯಾಂಕ್ ಖಾತೆಗೆ ಬರುತ್ತದೆಯೇ, ಏಜೆನ್ಸಿ ಎಷ್ಟು ಹಿಡಿದುಕೊಳ್ಳುತ್ತದೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ ಸರ್ಕಾರ 2004ರಲ್ಲೇ ಗೊತ್ತುಮಾಡಿತ್ತು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪಟ್ಟಿಯಲ್ಲೂ ಹೆಸರು ನೋಂದಾಯಿಸಿಕೊಳ್ಳಬಹುದು. ನಾವೇ ಹಣವಿದ್ದು ಮನೆಗೆ ಆಯಾಳನ್ನು ಇಟ್ಟುಕೊಂಡರೆ ಇದೇ ಪ್ರಶ್ನೆಗಳಿಗೆ ನಾವು ಉತ್ತರ ಕೊಡಬೇಕು. ಅವಳೂ ಯಾರದೋ ಮನೆಯ ಮಗಳು.

ಫಿನ್ಲೆಂಡಿನ ಬಿಡುವು, ನಮ್ಮ ಮುಯ್ಯಿ

ನಮ್ಮಂತೆಯೇ ಹಾಲು ಸಹಕಾರ ಸಂಘಗಳು ಗಟ್ಟಿಯಾಗಿರುವ ದೇಶ ಫಿನ್ಲೆಂಡ್. ಹಸುವಿಗೆ ಭಾನುವಾರ ಇಲ್ಲ ಎಂಬ ಕಷ್ಟ ಅಲ್ಲಿನ ರೈತರಿಗೂ ಇತ್ತು. 1970ರ ದಶಕದಲ್ಲೇ ಅವರು ಇದಕ್ಕೆ ಕಾನೂನಿನ ದಾರಿ ಕಂಡುಕೊಂಡರು. ಅಲ್ಲಿ ಹೈನು ರೈತರಿಗೆ ವರ್ಷಕ್ಕೆ 26 ದಿನ ರಜೆ. ಆ ದಿನಗಳಲ್ಲಿ ಹಾಲು ಕರೆಯಲು, ಮೇವು ಹಾಕಲು ತರಬೇತಾದ ಬದಲಿ ಆಳನ್ನು ಸರ್ಕಾರದ ವ್ಯವಸ್ಥೆಯೇ ಕಳುಹಿಸುತ್ತದೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತೇನೆಂದು ಸ್ಥಳೀಯ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡವರಿಗೆ ತಿಂಗಳಿಗೆ ಕನಿಷ್ಠ ಎರಡು ದಿನ, ಹಗಲು ರಾತ್ರಿ ಬಿಡದೆ ನೋಡಿಕೊಳ್ಳುವವರಿಗೆ ಮೂರು ದಿನ ಬಿಡುವು. ಆ ದಿನಗಳಲ್ಲಿ ರೋಗಿಯ ಆರೈಕೆಯನ್ನು ಆಡಳಿತವೇ ವಹಿಸಿಕೊಳ್ಳುತ್ತದೆ.

ಅಷ್ಟು ನಮಗೆ ನಾಳೆಯೇ ಬಂದೀತು ಎಂದು ಹೇಳಲಾರೆವು. ಆದರೆ ನಮ್ಮಲ್ಲಿ ಅದಕ್ಕಿಂತ ಹಳೆಯದೊಂದು ದಾರಿ ಇದೆ. ನಾಟಿಗೆ, ಕಳೆಗೆ, ಕೊಯ್ಲಿಗೆ ಮುಯ್ಯಾಳು ಹೋಗುವುದು ನಮಗೆ ಗೊತ್ತು. ಇಂದು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ದುಡ್ಡಿನ ಮಾತಿಲ್ಲ, ಲೆಕ್ಕ ಮಾತ್ರ ಪಕ್ಕಾ. ಇದೇ ಮುಯ್ಯಿಯನ್ನು ಬಿಡುವಿಗೂ ತರಬಹುದು. ಅಕ್ಕಪಕ್ಕದ ಇಬ್ಬರೋ ಮೂವರೋ ಸದಸ್ಯೆಯರು ಸೇರಿ ತಿಂಗಳಿಗೆ ಎರಡು ಅರ್ಧ ದಿನ ಒಬ್ಬರ ಮನೆಯನ್ನು ಇನ್ನೊಬ್ಬರು ನೋಡಿಕೊಳ್ಳುವುದು. ಆ ಅರ್ಧ ದಿನ ಬಿಡುವು ಪಡೆದವಳು ತವರಿಗೆ ಹೋಗಲಿ, ಆಸ್ಪತ್ರೆಗೆ ಹೋಗಿ ತನ್ನ ರಕ್ತದೊತ್ತಡ ತೋರಿಸಿಕೊಳ್ಳಲಿ, ಇಲ್ಲವೇ ಸುಮ್ಮನೆ ಮಲಗಲಿ. ಏನು ಮಾಡಿದೆ ಎಂದು ಯಾರೂ ಕೇಳಬಾರದು.

ಮುಯ್ಯಿ ಸುಸೂತ್ರವಾಗಿ ನಡೆಯಲು ಗೋಡೆಗೊಂದು ಚೀಟಿ ಅಂಟಿಸಿ. ಯಾವ ಹಸುವಿಗೆ ಎಷ್ಟು ಕಿಲೋ ಪಶು ಆಹಾರ, ಯಾವುದು ಒದೆಯುತ್ತದೆ, ಯಾವುದಕ್ಕೆ ಔಷಧಿ ನಡೆಯುತ್ತಿದೆ ಮತ್ತು ಅದರ ಹಾಲನ್ನು ಡೇರಿಗೆ ಹಾಕಬಾರದು, ಅತ್ತೆಗೆ ಯಾವ ಮಾತ್ರೆ ಎಷ್ಟು ಹೊತ್ತಿಗೆ, ಏನು ಉಣ್ಣಿಸಬಾರದು, ಪಶುವೈದ್ಯರ ಮತ್ತು ಆಶಾ ಕಾರ್ಯಕರ್ತೆಯ ಫೋನ್ ನಂಬರ್, ಇಷ್ಟು ಬರೆದಿದ್ದರೆ ಸಾಕು. ನೀವೇ ಹಠಾತ್ತಾಗಿ ಹುಷಾರು ತಪ್ಪಿದರೂ ಆ ಚೀಟಿ ಮನೆಯನ್ನು ನಡೆಸುತ್ತದೆ.

ಊರಿನ ಬಾಯಿಗೆ ಹೆದರಬೇಡಿ. "ಅತ್ತೆಯನ್ನು ಬೇರೆಯವರ ಕೈಗೆ ಬಿಟ್ಟು ತಿರುಗುತ್ತಾಳೆ" ಎಂದು ಯಾರಾದರೂ ಅಂದಾರು. ನಾಲ್ಕು ಗಂಟೆ ದಣಿವಾರಿಸಿಕೊಂಡು ಬಂದ ಸೊಸೆಯ ಕೈ ಎಷ್ಟು ಮೆತ್ತಗಿರುತ್ತದೆ ಎಂಬುದು ಅನ್ನುವವರಿಗಿಂತ ಆ ಅತ್ತೆಗೇ ಚೆನ್ನಾಗಿ ಗೊತ್ತು.

ಮುಂದಿನ ಸಭೆಗೆ

ನಿಮ್ಮ ಮಹಿಳಾ ಸಂಘದ ಮುಂದಿನ ಸಭೆಯಲ್ಲಿ ಹಾಲಿನ ದರ, ಪಶು ಆಹಾರದ ಚೀಲ, ಲಸಿಕೆಯ ದಿನಾಂಕದ ಜೊತೆಗೆ ಇದೊಂದು ವಿಷಯಕ್ಕೂ ಹತ್ತು ನಿಮಿಷ ಕೊಡಿ. ಹಾಸಿಗೆ ಹಿಡಿದವರಿರುವ ಮನೆಗಳು ನಮ್ಮ ಸಂಘದಲ್ಲಿ ಎಷ್ಟಿವೆ? ಅವರಲ್ಲಿ ಯಾರಿಗೆ ಡೇರಿಗೆ ಬರಲೂ ಬಿಡುವಿಲ್ಲ, ಅವರ ಹಾಲನ್ನು ದಾರಿಯಲ್ಲಿ ಬರುವ ಇನ್ನೊಬ್ಬರು ತರಬಹುದೇ? ಮುಯ್ಯಿಗೆ ಯಾರು ಯಾರು ಜೋಡಿಯಾಗುತ್ತಾರೆ? ಕಮೋಡ್ ಕುರ್ಚಿ, ಗಾಳಿ ಹಾಸಿಗೆಯಂಥವನ್ನು ಸಂಘದಿಂದಲೇ ಒಂದೊಂದು ಕೊಂಡಿಟ್ಟು, ಬೇಕಾದ ಮನೆಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ತರಿಸಿಕೊಳ್ಳಬಹುದೇ? ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಮುಂದಿನ ತಿಂಗಳು ಎಷ್ಟು ನಡೆಯಿತು ಎಂದು ಕೇಳಿ.

ಹನಿ ಹನಿ ಹಾಲು ಕೂಡಿಸಿ ಕ್ಯಾನು ತುಂಬಿಸಿದವರು ನಾವು. ಒಬ್ಬೊಬ್ಬರಿಗೆ ತಿಂಗಳಿಗೆ ಎರಡು ಅರ್ಧ ದಿನದ ಬಿಡುವನ್ನು ಕೂಡಿಸಿಕೊಡುವುದು ನಮ್ಮ ಕೈಮೀರಿದ ಕೆಲಸವೇನಲ್ಲ.